ತಾಡಪತ್ರಿ ಹೊದ್ದ ಮಷಿನ್

ಎಳ್ಳ ಅಮಾವಾಸ್ಯೆಗೆ ಇನ್ನು ಹದಿನೈದು ದಿನವಿತ್ತು. ಕುರ್ತಕೋಟಿಯ ಎರೆಹೊಲಗಳಲ್ಲಿ ಬಿಳಿಜೋಳ ಎದೆಮಟ್ಟಕ್ಕೆ ನಿಂತಿತ್ತು, ಕಡಲೆ ಹೂವಾಡುತ್ತಿತ್ತು, ಹತ್ತಿ ಬಿಡಿಸುವ ಹೆಂಗಸರು ಉಡಿ ಕಟ್ಟಿಕೊಂಡು ಇಬ್ಬನಿ ಆರುವುದನ್ನೇ ಕಾಯುತ್ತಿದ್ದರು. ಗದಗ-ಬೆಟಗೇರಿಯ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಗಾಳಿಗೆ ಹಾರಿಬಂದ ಅರಳೆ ಸೈಬರ್ ಠಾಣೆಯ ಕಿಟಕಿಯ ಸರಳಿಗೂ ಸಿಕ್ಕಿಕೊಂಡಿತ್ತು. ಹೆಡ್ ಕಾನ್‌ಸ್ಟೇಬಲ್ ಯಮನೂರಸಾಬ ಅದನ್ನು ಕಿತ್ತು ಹೊರಗೆ ಊದುತ್ತಿದ್ದಾಗ ಒಬ್ಬ ಹೆಂಗಸು ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ಅಂದು ಡಿಸೆಂಬರ್ ನಾಲ್ಕು, ಗುರುವಾರ.

"ಸಾಹೇಬ್ರ, ನನ್ನ ಕೊಂದಾರ್ರಿ."

ಇನ್ಸ್‌ಪೆಕ್ಟರ್ ಗವಿಸಿದ್ದೇಶ ತಲೆಯೆತ್ತಿದ. "ಜೀವಂತ ಅದೀರಲ್ಲ. ಕುಂಡ್ರಿ. ಮೊದಲಿಂದ ಹೇಳ್ರಿ."

ಹೆಸರು ಶೀತಲ್. ಶಿರಹಟ್ಟಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಆನ್‌ಲೈನ್‌ನಲ್ಲಿ ಅದಕ್ಕೆ 'ಅವ್ವನ ಹಂಚು' ಎಂಬ ಪುಟವಿತ್ತು. ಗವಿಸಿದ್ದೇಶನಿಗೆ ಅದು ಹೊಸ ಹೆಸರಲ್ಲ. ಅವನ ಮನೆಯ ಡಬ್ಬಿಯಲ್ಲೂ ಅದೇ ರೊಟ್ಟಿ. ಎರಡು ಕೈಗಳು ಹಿಟ್ಟಿನ ಮುದ್ದೆಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಹುಣ್ಣಿಮೆಯ ಚಂದ್ರನಷ್ಟು ಅಗಲ ಮಾಡುವ ವಿಡಿಯೊ, ಕೊನೆಗೆ ಮೂಡುವ ಅಕ್ಷರ: 'ಕೈಲೇ ಬಡಿದದ್ದು, ಮಷಿನ್ ಮುಟ್ಟಿಲ್ಲ.' ಜಿಲ್ಲೆಯಲ್ಲಿ ಅದನ್ನು ನೋಡದವರೇ ಕಡಿಮೆ.

ಹದಿನೈದು ದಿನಗಳಿಂದ ಆ ಪುಟದ ಮೇಲೆ ಕೆಟ್ಟ ರಿವ್ಯೂಗಳು ಬೀಳುತ್ತಿದ್ದವು. ಗವಿಸಿದ್ದೇಶ ಕಾಗದಗಳನ್ನು ಒಂದೊಂದಾಗಿ ಓದಿದ. 'ರೊಟ್ಟಿಯಲ್ಲಿ ಕೂದಲು ಬಂತು. ಕೈಯಿಂದ ಮಾಡಿದರೆ ಹೀಗೇ. ಮಷಿನ್ ಹಚ್ಚಿ.' 'ಬೆವರಿನ ವಾಸನೆ. ಈ ಕಾಲದಲ್ಲೂ ಕೈಯಲ್ಲಿ ಬಡಿಯುವುದೇ? ಮಷಿನ್ ರೊಟ್ಟಿ ಇದ್ದರೆ ಮಾತ್ರ ಕೊಳ್ಳುತ್ತೇವೆ.'

"ಇವರೆಲ್ಲಾ ನಿಮ್ಮ ಗಿರಾಕಿಗಳ?"

"ಹೆಸರು, ಫೋಟೊ ಎಲ್ಲಾ ನಮ್ಮ ಗಿರಾಕಿಗಳದ ರೀ. ಆದ್ರ ಫೋನ್ ಮಾಡಿ ಕೇಳಿದ್ರ, ನಾವು ಬರದೇ ಇಲ್ಲ ಅಂತಾರ. ಅವ್ರ ಹೆಸರಿನ್ಯಾಗ ಯಾರೋ ಖಾತೆ ತಗದಾರ. ನಾಲ್ಕೂ ಮುಕ್ಕಾಲು ಸ್ಟಾರ್ ಇತ್ರಿ, ಈಗ ಎರಡಕ್ಕ ಬಂದೈತಿ. ಪುಣೆ ಕಂಪನಿಯವ್ರು ಎಳ್ಳಮಾಸಿಗೆ ಸಜ್ಜಿ ರೊಟ್ಟಿ ಕೇಳಿದ್ರು. ಅಷ್ಟರೊಳಗ ಇದು ಸರಿ ಆಗಲಿಲ್ಲಂದ್ರ ಆರ್ಡರ್ ಇಲ್ಲ ಅಂದಾರ. ಅದು ಹೋದ್ರ ನಾ ಬಾಗಿಲಾ ಹಾಕೂದ. ಹದಿನಾಲ್ಕು ಮಂದಿ ಹೆಣ್ಮಕ್ಕಳು ಅದರ ಮ್ಯಾಲ ಅದಾರ್ರಿ."

"ಯಾರ ಮ್ಯಾಲರ ಸಂಶಯ?"

"ಮುಂಡರಗಿ ಕಳಕಪ್ಪ. ಮಷಿನ್ ರೊಟ್ಟಿ ಮಾಡ್ತಾನ. ನನ್ನ ಕಂಡ್ರ ಉರಕೊಂಡು ಸಾಯ್ತಾನ."

ಬೆಳಿಗ್ಗೆ 11.40ಕ್ಕೆ ಎಫ್‌ಐಆರ್ ದಾಖಲಾಯಿತು. ಬೇರೆಯವರ ಗುರುತು ಕದ್ದು ಬಳಸಿದ್ದಕ್ಕೆ ಐಟಿ ಕಾಯ್ದೆ 66(ಸಿ). ಖಾತೆಗಳನ್ನು ಎಲ್ಲಿಂದ ತೆರೆದಿದ್ದಾರೆ ಎಂಬ ವಿವರ ಕೇಳಿ ರಿವ್ಯೂ ಪುಟದ ಕಂಪನಿಗೆ ಅಂದೇ ಪತ್ರ ಹೋಯಿತು.

ಮರುದಿನ ಗವಿಸಿದ್ದೇಶ, ಯಮನೂರಸಾಬನನ್ನು ಕರೆದುಕೊಂಡು ಶಿರಹಟ್ಟಿಗೆ ಹೋದ. ತಗಡಿನ ಉದ್ದನೆಯ ಶೆಡ್ಡು, ಎರಡು ಸಾಲು ಒಲೆ. ಒಂದೇ ಒಲೆ ಉರಿಯುತ್ತಿತ್ತು. ಹೆಂಗಸರು ಗೋಡೆಗೆ ಆತು ಕುಳಿತಿದ್ದರು. ಕೆಲಸವಿಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿದಂತಿರಲಿಲ್ಲ. ಮೂಲೆಯಲ್ಲಿ ಏನೋ ಒಂದು ದೊಡ್ಡದು ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದ್ದು ನಿಂತಿತ್ತು. ಮೇಲೆ ಒಣಗಿದ ಚೆಂಡುಹೂವಿನ ಮಾಲೆ.

"ಅದೇನ್ರಿ?"

"ರೊಟ್ಟಿ ಮಷಿನ್," ಶೀತಲ್ ಹೇಳಿದಳು. "ಸಬ್ಸಿಡಿ ಮ್ಯಾಲ ಬಂತು. ಪೂಜಾ ಮಾಡಿ ಮುಚ್ಚಿಟ್ಟೀನಿ. ಮಂದಿ ಕೈ ನೋಡಿ ತಗೋತಾರ್ರಿ. ಅದನ್ನ ಚಾಲೂ ಮಾಡಿದ್ರ ನಾನೂ ಕಳಕಪ್ಪನೂ ಒಂದ ಆಗ್ತೀವಿ."

ಒಲೆಯ ಮುಂದಿದ್ದ ಸಾವಕ್ಕ ಎದ್ದು ಚಹಾ ತಂದಳು. ಐವತ್ತರ ಹತ್ತಿರದ ಹೆಂಗಸು. ಲೋಟ ಕೊಡುವಾಗ ಬೆರಳು ಸಡಿಲಾಗಿ ಚಹಾ ಯಮನೂರಸಾಬನ ಬೂಟಿನ ಮೇಲೆ ಚೆಲ್ಲಿತು. ಅವಳು ನಾಚಿ ಸೆರಗಿನಿಂದ ಒರೆಸಲು ಬಗ್ಗಿದಳು.

"ಬಿಡ ಯವ್ವಾ, ಬೂಟಿಗೂ ಚಳಿ ಇತ್ತು," ಯಮನೂರಸಾಬ ಅಂದ.

ಗೋಡೆಯ ಕಡೆಯಿಂದ ಒಬ್ಬಳು ನಕ್ಕಳು. "ಆಕಿ ಕೈ ರೊಟ್ಟಿಗೆ ಅಷ್ಟ ರೀ. ಬ್ಯಾರೇದಕ್ಕ ಬರಂಗಿಲ್ಲ. ರೇಶನ್ ಅಂಗಡಿ ಮಷಿನ್ ಆಕಿ ಹೆಬ್ಬೆಟ್ಟು ಸೈತ ತಗೋವಲ್ದು. ಮಗಳ ಹೆಬ್ಬೆಟ್ಟಿನ ಮ್ಯಾಲ ಅಕ್ಕಿ ತರ್ತಾಳ."

ಆ ಮಗಳು ವಿದ್ಯಾಶ್ರೀ, ಅಲ್ಲೇ ಆರ್ಡರಿನ ಫೋನ್ ಹಿಡಿದು ನಿಂತಿದ್ದಳು. ಡಿಗ್ರಿ ಮುಗಿಸಿದವಳು. ಪುಟ ತೆರೆದವಳು, ವಿಡಿಯೊ ತೆಗೆದವಳು, ಗಿರಾಕಿಗಳೊಡನೆ ಮಾತಾಡುವವಳು ಅವಳೇ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಪಂಚನಾಮೆಗೆ ಇಬ್ಬರು ಪಂಚರು ಸಹಿ ಹಾಕಿದರು. ಜೀಪು ಹತ್ತುವಾಗ ಅವಳು ಹಿಂದೆಯೇ ಬಂದಳು.

"ಸರ್, ಹಿಂಗ ಬರದವ್ರಿಗೆ ಎಷ್ಟು ಶಿಕ್ಷಾ ಆಕ್ಕೇತ್ರಿ?"

"ಮೂರು ವರ್ಷದ ತನಕಾ ಆಗಬಹುದು."

"ಹೌದ್ರಿ?" ಎಂದಷ್ಟೇ ಅಂದು ಒಳಗೆ ಹೋದಳು.

ಶನಿವಾರ ಮುಂಡರಗಿ. ಕಳಕಪ್ಪನ ಮಷಿನ್ನು ರೊಟ್ಟಿಗಳನ್ನು ಒಂದೇ ಅಳತೆಯಲ್ಲಿ ಉದುರಿಸುತ್ತಿತ್ತು. ಅವನು ರಿವ್ಯೂಗಳನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಹೇಬ್ರ, ನಾ ಅಷ್ಟು ಶಾಣ್ಯಾ ಇದ್ದಿದ್ರ ನಿಮ್ಮ ಖುರ್ಚಿ ಮ್ಯಾಲ ನಾ ಕುಂಡರತಿದ್ದೆ. ಇದನ್ನ ನೋಡ್ರಿ. ಎಲ್ಲಾರೂ ಒಂದ ಮಾತು ಹೇಳ್ಯಾರ: ಮಷಿನ್ ಹಚ್ಚು, ಮಷಿನ್ ಹಚ್ಚು. ನನ್ನ ಅಂಗಡಿ ಹೆಸರು ಒಂದರಾಗರ ಐತೇನು? ಆಕಿ ನಾಳೆ ಮಷಿನ್ ಹಚ್ಚಿದ್ರ ನನಗ ಮಣ್ಣು. ಆಕಿಗೆ ಬುದ್ಧಿ ಹೇಳಾಕ ನಾ ಏನು ಆಕಿ ಮಾವನ?"

"ನಿಮ್ಮ ಫೋನ್ ಕೊಡ್ರಿ."

"ತಗೋರಿ. ನಮ್ಮವ್ವನ ಫೋನೂ ತಗೋರಿ. ಬೇಕಂದ್ರ ಮಷಿನ್ನೂ ಒಯ್ರಿ, ಠಾಣ್ಯಾಗ ನಿಮಗ ಬಿಸಿ ರೊಟ್ಟಿ ಆಗ್ತಾವು."

ಫೋನುಗಳಲ್ಲಿ ಏನೂ ಸಿಗಲಿಲ್ಲ. ಹಿಂತಿರುಗುವಾಗ ಗವಿಸಿದ್ದೇಶ ರಿವ್ಯೂಗಳನ್ನು ಮತ್ತೊಮ್ಮೆ ಓದಿದ. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು.

"ಯಮನೂರಸಾಬ, ಅವ ಹೇಳಿದ್ದು ಖರೆ ಐತಿ. ಆ ಕೇಂದ್ರದಾಗ ಮಷಿನ್ ಚಾಲೂ ಆದ್ರ ಲಾಭ ಯಾರಿಗೆ?"

"ಬಡಿಯೋರಿಗೆ ರೀ," ಯಮನೂರಸಾಬ ಅಂದ. ಅಂದಮೇಲೆ ತಾನೇ ಬೆಚ್ಚಿದ.

ಸೋಮವಾರ ಅವರು ಲಕ್ಷ್ಮೇಶ್ವರದ ಕೊಟ್ರೇಶ ಎಂಬ ಮಾಸ್ತರನನ್ನು ಕಂಡರು. ಅವನ ಹೆಸರಿನಲ್ಲೂ ಒಂದು ರಿವ್ಯೂ ಬಿದ್ದಿತ್ತು. ಜೊತೆಗೆ ಅವನು ತನ್ನ ತಾಯಿಯ ಪಕ್ಕ ಕುಳಿತು ರೊಟ್ಟಿ ಮುರಿಯುತ್ತಿರುವ ಫೋಟೊ.

"ಈ ಫೋಟೊ ಎಲ್ಲೆಲ್ಲಿ ಹಾಕಿದ್ರಿ?"

"ಎಲ್ಲೂ ಹಾಕಿಲ್ರಿ. ನಮ್ಮವ್ವ ತೀರಿಕೊಂಡು ಎರಡು ತಿಂಗಳಾತು. ಹಲ್ಲಿಲ್ಲದಿದ್ರೂ ಆ ರೊಟ್ಟಿ ಹಾಲಿನ್ಯಾಗ ಮುರಕೊಂಡು ಉಣತಿದ್ಲು. ಆಕಿ ಇದ್ದಾಗ, ಮಾಡಿದ ಕೈಗೆ ಶರಣು ಅಂತ ಬರದು ಆ ಕೇಂದ್ರದ ನಂಬರಿಗೆ ಅಷ್ಟ ಕಳಿಸಿದ್ದೆ." ಮಾಸ್ತರನ ದನಿ ಗಡುಸಾಯಿತು. "ಆ ಫೋಟೊದ ಕೆಳಗ ಬೆವರಿನ ವಾಸನಿ ಅಂತ ಬರದಾರ. ಯಾರ ಇರಲಿ, ಬಿಡಬ್ಯಾಡ್ರಿ."

ಮಾಸ್ತರನ ಫೋನು, ಆರ್ಡರಿನ ಫೋನು ಬಿಟ್ಟರೆ ಆ ಫೋಟೊ ಬೇರೆಲ್ಲೂ ಇರಲಿಲ್ಲ.

ಗುರುವಾರ, ಡಿಸೆಂಬರ್ ಹನ್ನೊಂದಕ್ಕೆ, ರಿವ್ಯೂ ಪುಟದ ಕಂಪನಿಯ ಉತ್ತರ ಬಂತು. ಸುಳ್ಳು ಖಾತೆಗಳನ್ನೆಲ್ಲ ಒಂದೇ ಇಂಟರ್ನೆಟ್ ಸಂಪರ್ಕದಿಂದ ತೆರೆಯಲಾಗಿತ್ತು. ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ಕೇಳಿದಾಗ ಸಿಕ್ಕ ವಿಳಾಸ: ಅವ್ವನ ಹಂಚು, ಶಿರಹಟ್ಟಿ. ಗವಿಸಿದ್ದೇಶ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. ಅಪರಾಧಿ ಸಿಕ್ಕಾಗ ಆಗುವ ಸಮಾಧಾನ ಅವನಿಗೆ ಆಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ಸ್ನೇಹಾಳನ್ನೂ ಕರೆದುಕೊಂಡು ಅವರು ಶಿರಹಟ್ಟಿಗೆ ಹೋದರು. ಈಗ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಗವಿಸಿದ್ದೇಶ ಹೆಂಗಸರನ್ನೆಲ್ಲ ನಿಲ್ಲಿಸಿ, ರಿವ್ಯೂ ಬರೆದದ್ದು ಈ ಶೆಡ್ಡಿನೊಳಗಿಂದಲೇ ಎಂದು ಹೇಳಿದ. ಶೀತಲ್ ಒಬ್ಬೊಬ್ಬರ ಮುಖ ನೋಡಿದಳು. ಯಾರಾದರೂ ನಕ್ಕು ಇದು ಸುಳ್ಳೆನ್ನಲಿ ಎಂದು ಕಾದಂತಿತ್ತು.

ಸಾವಕ್ಕ ಮುಂದೆ ಬಂದಳು.

"ನಾನ ಮಾಡೀನ್ರಿ. ಒಯ್ರಿ ನನ್ನ."

"ಅವ್ವಾ!" ವಿದ್ಯಾಶ್ರೀ ಕೂಗಿದಳು.

"ನೀ ಸುಮ್ಮಿರ. ನಾನ ರೀ ಸಾಹೇಬ್ರ. ಬಡದು ಬಡದು ಬ್ಯಾಸತ್ತು ಮಾಡೀನಿ."

ಗವಿಸಿದ್ದೇಶ ತನ್ನ ಫೋನನ್ನು ಅವಳ ಕೈಗೆ ಕೊಟ್ಟ. "ಹೆಂಗ ಮಾಡಿದ್ರಿ, ತೋರಿಸ್ರಿ."

ಸಾವಕ್ಕ ಬೆರಳಿನಿಂದ ಗಾಜನ್ನು ಒತ್ತಿದಳು. ಏನೂ ಆಗಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು, ಉಜ್ಜಿದಳು. ಸುಟ್ಟು, ಜಡ್ಡುಗಟ್ಟಿ, ಬೆಳ್ಳಗಾದ ಆ ಬೆರಳ ತುದಿಯನ್ನು ಫೋನು ಮನುಷ್ಯರದೆಂದು ತಿಳಿಯಲೇ ಇಲ್ಲ. ಅವಳು ಹಟ ಹಿಡಿದವಳಂತೆ ಒತ್ತುತ್ತಲೇ ಇದ್ದಳು. ಗೋಡೆಯ ಬಳಿ ಯಾರೂ ನಗಲಿಲ್ಲ.

"ಸಾಕ್ರಿ ಸರ್," ವಿದ್ಯಾಶ್ರೀ ತಾಯಿಯ ಕೈಯಿಂದ ಫೋನು ತೆಗೆದುಕೊಂಡು ಹಿಂದಿರುಗಿಸಿದಳು. "ನಾ ಬರದೀನಿ."

ಶೀತಲ್ ದಿಢೀರನೆ ಮುನ್ನುಗ್ಗಿದಳು. "ನೀನ? ನಿಮ್ಮಪ್ಪ ಸತ್ತಾಗ ನಿಮಗ ಇರಾಕ ಖೋಲಿ ಯಾರು ಕೊಟ್ಟಾರ? ನಿನಗ ಫೋನ್ ಹಿಡಿಯೂದು ಯಾರು ಕಲಿಸ್ಯಾರ? ಉಂಡ ಮನಿಗೆ ಹಿಂಗ ಮಾಡ್ತಾರೇನ?"

"ನೀವ ಕೊಟ್ಟೀರಿ ಅಕ್ಕಾರ. ಅದಕ್ಕ ಅವ್ವ ಬಿಟ್ಟು ಬರವಲ್ಲಳು. ನಿಮ್ಮ ಋಣ ಐತಿ, ಬಡದು ತೀರಸ್ತೀನಿ ಅಂತಾಳ." ವಿದ್ಯಾಶ್ರೀಯ ದನಿ ಏರಲಿಲ್ಲ. "ಮಷಿನ್ ಹಚ್ರಿ ಅಂತ ನಿಮ್ಮ ಕಾಲು ಹಿಡದೆ. ನೀವು ಏನಂದ್ರಿ? ವಿಡಿಯೊದಾಗ ಇರೂದು ನಿಮ್ಮವ್ವನ ಕೈ, ಆ ಕೈಯಿಂದನ ಅಂಗಡಿ ನಡದೈತಿ ಅಂದ್ರಿ."

ಶೀತಲ್ ತಾಡಪತ್ರಿಯ ಕಡೆಗೊಮ್ಮೆ ನೋಡಿ ಮುಖ ತಿರುಗಿಸಿದಳು.

ಹೇಳಿಕೆಯನ್ನು ಗದಗದ ಠಾಣೆಯಲ್ಲಿ ಸ್ನೇಹಾ ಬರೆದುಕೊಂಡಳು. ಗವಿಸಿದ್ದೇಶನ ಪ್ರಶ್ನೆಗಳು ಚಿಕ್ಕವಾಗಿದ್ದವು.

"ಯಾವಾಗಿಂದ ಶುರು ಮಾಡಿದಿ?"

"ದೀಪಾವಳಿ ಮುಗದು ಒಂದು ತಿಂಗಳಾದ ಮ್ಯಾಲ ರೀ. ಮಣಿಕಟ್ಟಿನ್ಯಾಗ ನರ ಒತ್ತೇತಿ, ಬಡಿಯೂದು ಬಿಡಸ್ರಿ, ಇಲ್ಲಾ ಆಪರೇಶನ್ ಮಾಡಸ್ರಿ ಅಂತ ಡಾಕ್ಟರ್ ಹೇಳಿದ್ರು. ಅವ್ವ ಎರಡಕ್ಕೂ ಒಲ್ಲೆ ಅಂದ್ಲು."

"ಅಷ್ಟಕ್ಕ ಇದನ್ನ ಮಾಡಿದಿ?"

"ಅಷ್ಟಕ್ಕಲ್ರಿ. ಒಂದಿನ ವಿಡಿಯೊ ತಗೀತಿದ್ದೆ. ಬೆಳಕು ಚಲೋ ಬಿದ್ದಿತ್ತು. ಅವ್ವ ರೊಟ್ಟಿ ಹಂಚಿಗೆ ಹಾಕಿದ್ಲು, ಬೆರಳು ಹಂಚಿಗೆ ಹತ್ತಿತ್ತು. ತಗೀಲಿಲ್ಲ. ನನ್ನ ಮುಖಾ ನೋಡಿ ನಕ್ಕೋತ ಕುಂತಿದ್ಲು. ಆಕಿಗೆ ಗೊತ್ತ ಆಗಲಿಲ್ರಿ. ವಾಸನಿ ನನಗ ಮೊದಲ ಬಂತು. ಆಮ್ಯಾಲ ಬೆರಳಿಂದಷ್ಟು ಕಟ್ ಮಾಡಿ ಉಳಿದದ್ದು ಹಾಕಿದೆ. ಎಲ್ಲಾಕ್ಕಿಂತ ಜಾಸ್ತಿ ಅದನ್ನ ನೋಡಿದ್ರು. 'ಕೈಲೇ ಬಡಿದದ್ದು' ಅಂತ ಆ ಮಾತು ಬರದಾಕಿ ನಾನ ರೀ. ನಾ ಬರದ ಮಾತಿನಿಂದ ಮಷಿನ್ ಮೂಲ್ಯಾಗ ನಿಂತೈತಿ. ಅದನ್ನ ನಾನ ಅಳಸಬೇಕಂತ ಮಾಡಿದೆ. ಆರ್ಡರ್ ಪೂರಾ ನಿಲ್ಲತಾವು, ಒಲಿ ಆರತಾವು ಅಂತ ತಿಳೀಲಿಲ್ಲ. ಗಿರಾಕಿ ಹೇಳಿದ್ರ ಶೀತಲಕ್ಕ ಕೇಳ್ತಾಳ, ಮಷಿನ್ ಹಚ್ತಾಳ ಅಂತ ಅಷ್ಟ ಅನಕೊಂಡಿದ್ದೆ."

"ಮಾಸ್ತರ ಫೋಟೊ?"

ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಮಾತ್ರ ಅತ್ತಳು. "ಅವ್ರಿಗೆ ಹೇಳ್ರಿ ಸರ್, ತಪ್ಪಾತು ಅಂತ. ಅವ್ರ ತಾಯಿ ಹೋದದ್ದು ನನಗ ಗೊತ್ತಿರಲಿಲ್ಲ."

ಗವಿಸಿದ್ದೇಶ ಎದ್ದು ಕಿಟಕಿಯ ಬಳಿ ನಿಂತ. ಬೆಳಕು ಚೆನ್ನಾಗಿ ಬಿದ್ದಿದ್ದ ಆ ವಿಡಿಯೊ ಅವನಿಗೆ ನೆನಪಿತ್ತು. ನಗುವ ಹೆಂಗಸು, ಉಬ್ಬುವ ರೊಟ್ಟಿ. ಮೆಚ್ಚಿ ನಾಲ್ಕು ಮಂದಿಗೆ ಕಳಿಸಿದ್ದ.

ಹೊತ್ತು ಮುಳುಗುವ ಮೊದಲು, 5.20ಕ್ಕೆ, ಬಂಧನದ ಮೆಮೊ ಸಿದ್ಧವಾಯಿತು. ಜಾಮೀನು ಸಿಗುವ ಅಪರಾಧ, ಅಂದೇ ಬಿಡಬಹುದಿತ್ತು. ಬಂಧಿಸಿದ್ದಕ್ಕೆ ಮನೆಯವರ ಸಾಕ್ಷಿ ಬೇಕು, ಜಾಮೀನಿಗೂ ಒಬ್ಬರು ನಿಲ್ಲಬೇಕು. ಸಾವಕ್ಕ ಬಸ್ಸು ಹತ್ತಿ ಬಂದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಅವಳನ್ನು ಬಿಟ್ಟು ಬೇರೆ ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ಶೀತಲ್ ಫೋನ್ ಮಾಡಿದಳು. "ಸಾಹೇಬ್ರ, ಆ ರಿವ್ಯೂ ಯಾವಾಗ ತಗೀತಾರ್ರಿ? ಪುಣೆಯವ್ರಿಗೆ ಫೋನ್ ಮಾಡಿ ಎಲ್ಲಾ ಹೇಳೀನಿ. ನಾಳಿಂದನ ಸಜ್ಜಿ ರೊಟ್ಟಿ ಶುರು ಮಾಡ್ರಿ ಅಂದಾರ. ಕೈಲೇ ಬಡಿದದ್ದ ಬೇಕಂತ." ದನಿ ತಗ್ಗಿಸಿದಳು. "ಸಾವಕ್ಕ ಅಲ್ಲಿ ಬಂದಾಳೇನ್ರಿ? ಸಿಟ್ಟಿಲ್ಲ ಅಂತ ಹೇಳ್ರಿ. ಬೆಳಿಗ್ಗೆ ಬಾ ಅನ್ರಿ."

ಗವಿಸಿದ್ದೇಶ ಅದನ್ನು ಹೇಳಬಾರದೆಂದು ಅಂದುಕೊಂಡ. ಆದರೆ ಸಾವಕ್ಕ ಬಾಗಿಲಲ್ಲೇ ನಿಂತಿದ್ದಳು.

"ಆಕೀನ ಮಾಡಿದ್ಲಲ್ರಿ ಫೋನು? ಕರದಾಳಲ್ಲ?" ಅವಳ ಮುಖ ಬೆಳಗಿತು. "ಹೋಕ್ಕೀನ್ರಿ. ಈಗಂತೂ ಹೋಗಾಕ ಬೇಕು. ಮಗಳು ಮಾಡಿದ್ದೂ ಸೇರಿತಲ್ಲ ನನ್ನ ಋಣಕ್ಕ."

ಯಮನೂರಸಾಬ ಶಾಯಿಯ ಡಬ್ಬಿ ತೆರೆದು, ಅವಳ ಹೆಬ್ಬೆಟ್ಟನ್ನು ಹಿಡಿದು ಅದ್ದಿ, ಮೆಮೊದ ಕೆಳಗೆ ಒತ್ತಿಸಿದ. ನೋಡಿದ. ಕಾಗದದ ಮೇಲೆ ಒಂದು ಕರಿಯ ಮಚ್ಚೆಯಷ್ಟೇ ಇತ್ತು, ಗೆರೆಗಳಿರಲಿಲ್ಲ.

"ಇನ್ನೊಮ್ಮೆ ಒತ್ತ ಯವ್ವಾ."

ಒತ್ತಿದಳು. ಮತ್ತೊಂದು ಮಚ್ಚೆ ಬಿತ್ತು. ಮೂರನೆಯ ಸಲ ಅವಳು ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಒತ್ತಿದಳು.

"ಬಂತೇನ್ರಿ?"

ಗವಿಸಿದ್ದೇಶ ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಪೆನ್ನು ತೆಗೆದು ಮಚ್ಚೆಗಳ ಪಕ್ಕದಲ್ಲಿ, ಇದು ಆರೋಪಿಯ ತಾಯಿ ಸಾವಕ್ಕನ ಬಲಗೈ ಹೆಬ್ಬೆಟ್ಟು ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದ.

"ಬಂತ್ರಿ ಯವ್ವಾ," ಅಂದ. "ಮಗಳನ್ನ ಕರಕೊಂಡು ಹೋಗ್ರಿ."