ಬಿಸಿ ತಾಗೋ ಮೊದಲು ಒರೆಸು

ಮೊದಲು ಎಡಗಡೆಯ ಚಕ್ರ ಸರೀತು.

ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಮೂಗಿನ ಮೇಲೆ ಎಂಜಿನ್, ಕೈಯಲ್ಲಿ ಸ್ಪ್ಯಾನರ್. ನನಗೆ ಕಾಣ್ತಿದ್ದದ್ದು ಒಂದು ಜೊತೆ ಕಪ್ಪು ಬೂಟು ಮಾತ್ರ. ಮುಖ ನೋಡ್ಕೊಳ್ಳೋ ಹಾಗೆ ಹೊಳೀತಿದ್ದವು.

"ಅಣ್ಣಾ, ಆ ಚಕ್ರ ಯಾಕೆ ಎಳೀತಿದ್ದೀರಾ?"

"ಅಡ್ಡ ಇದೆ ತಂಗಿ. ಗಾಡಿ ಇನ್ನೊಂಚೂರು ಎತ್ತರ ಮಾಡ್ತೀನಿ. ನೀನು ಆರಾಮಾಗಿ ಕೆಲಸ ಮಾಡು."

ಆರಾಮಾಗಿ... ನನ್ನ ಭಾವನಿಗೂ ಇದೇ ಮಾತು ಹೇಳಿರಬೇಕು.

ಬಲಗಡೆಯ ಚಕ್ರವೂ ಸರೀತು.

ನನಗೆ ಅಷ್ಟು ಸಾಕಾಗಿತ್ತು. ಭಾವನ್ನ ಕೊಂದವನು ಯಾರು ಅಂತ ಖಾತ್ರಿ ಆಯ್ತು. ಇನ್ನು ಉಳಿದಿದ್ದು ಒಂದೇ ಕೆಲಸ. ನಾನು ಸಾಯದೇ ಇರೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಲ್ಲಾಂದ್ರೆ ನಿಮಗೆ ತಲೆಬುಡ ತಿಳಿಯಲ್ಲ.

ನಾನು ಇನ್ಶೂರೆನ್ಸ್ ಕಂಪನಿಗಳಿಗೆ ಆಕ್ಸಿಡೆಂಟ್ ತನಿಖೆ ಮಾಡೋಳು. ಯಾರು ನಿಜವಾಗ್ಲೂ ಗುದ್ದಿಸ್ಕೊಂಡ್ರು, ಯಾರು ಬೇಕಂತ ಗುದ್ದಿಸಿದ್ರು ಅಂತ ಕಂಡುಹಿಡಿಯೋದು ನನ್ನ ಅನ್ನ. ಸುಳ್ಳು ಹೇಳೋರ ಮುಖ ನೋಡಿ ನೋಡಿ ಸಾಕಾಗಿ ಕನ್ನಡಿ ನೋಡೋದೂ ಬಿಟ್ಟಿದ್ದೀನಿ. ಕಾರಿನ ಹೊಟ್ಟೆಯೊಳಗೆ ಏನೇನಿದೆ ಅಂತ ನನಗೆ ಕಲಿಸಿದ್ದು ಭಾವ. ನನ್ನ ಒಬ್ಬಳೇ ಅಕ್ಕನ ಗಂಡ. ವಾರವಿಡೀ ಬ್ಯಾಂಕ್ ಕೆಲಸ, ಭಾನುವಾರ ಬಂತಂದ್ರೆ ಮನೆ ಹಿಂದಿನ ಗ್ಯಾರೇಜು. ಎರಡೇ ಸೀಟಿನ ಹಳೇ ಕೆಂಪು ಸ್ಪೋರ್ಟ್ಸ್ ಕಾರು ಅವರ ಹುಚ್ಚು. "ಬಾ ನಾದಿನಿ, ಕೈ ಕೊಳೆ ಮಾಡ್ಕೋ" ಅಂತ ಕರೆಯೋರು. ನಾನು ಹೋಗ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ಇಬ್ಬರನ್ನೂ ಬೈತಿದ್ದಳು.

ಆ ಕಾರಿಗೆ ಹೊಸ ಹೆಡರ್ ಹಾಕೋದು ಅವರ ಬಹಳ ದಿನದ ಆಸೆ. ಹೆಡರ್ ಅಂದ್ರೆ ಎಂಜಿನ್ ಉಗುಳೋ ಹೊಗೆಯನ್ನ ಹಿಂದಕ್ಕೆ ಸಾಗಿಸೋ ಪೈಪುಗಳ ಗೊಂಚಲು. ಕಂಪನಿಯವರು ಹಾಕಿರೋದು ಬೀಡುಕಬ್ಬಿಣದ ಗಡವ. ಹುಚ್ಚು ಇರೋರು ಅದನ್ನ ಕಿತ್ತು ಬೆಳ್ಳಿ ಹಾಗೆ ಹೊಳೆಯೋ ಸ್ಟೀಲಿಂದು ಹಾಕ್ತಾರೆ. ಸ್ನೇಹಿತರ ಕಾರಿಗೆ ಹಾಕಿಕೊಡುವಾಗಲೂ ಅದನ್ನ ಕೈಗವಸು ಇಲ್ಲದೆ ಭಾವ ಮುಟ್ಟೋರಲ್ಲ. ಕೂರಿಸೋ ಮೊದಲು ಸ್ಪಿರಿಟ್ ಹಾಕಿ ಮೂಲೆ ಮೂಲೆ ಒರೆಸೋರು. ಯಾಕಂದ್ರೆ ಬರಿಗೈಯ ಜಿಡ್ಡು ಉಳಿದಿದ್ದು ಎಂಜಿನ್ ಒಂದು ಸಲ ಕಾದ್ರೆ ಮುಗೀತು. ಆ ಬೆರಳ ಗುರುತು ಸ್ಟೀಲಿಗೆ ಸುಟ್ಟು ಕೂರುತ್ತೆ.

"ಬಿಸಿ ತಾಗೋ ಮೊದಲು ಒರೆಸು ನಾದಿನಿ. ತಾಗಿದ ಮೇಲೆ ಒರೆಸಿದ್ರೆ ಬಟ್ಟೆ ಮಾತ್ರ ಕೊಳೆ."

ಇದು ಅವರ ವೇದವಾಕ್ಯ.

ಒಂದು ಭಾನುವಾರ ಭಾವ ಅದೇ ಕಾರಿನ ಕೆಳಗೆ ಸತ್ತು ಬಿದ್ದಿದ್ರು. ಕಾರು ಅವರ ಎದೆ ಮೇಲೆ ಇತ್ತು.

ಗಾಡಿಯನ್ನ ಹೊತ್ತು ನಿಲ್ಲಬೇಕಾದ ಕಬ್ಬಿಣದ ಸ್ಟ್ಯಾಂಡುಗಳು ಗೋಡೆ ಪಕ್ಕ ನೆಟ್ಟಗೆ ನಿಂತಿದ್ದವು. ಬರೀ ಜಾಕ್ ನಂಬಿ ಕೆಳಗೆ ಹೋಗಿದ್ದಾನೆ, ಜಾರಿದೆ, ಪಾಪ ಅಂದ್ರು ಎಲ್ಲರೂ. ಅಕ್ಕ ಒಬ್ಬಳೇ ಒಪ್ಪಲಿಲ್ಲ. "ನನ್ನ ಗಂಡ ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗೋರೇ ಅಲ್ಲ. ಯಾರೋ ತೆಗೆದಿದ್ದಾರೆ" ಅಂತ ಹಟ ಹಿಡಿದಳು. ಪೊಲೀಸರು ಒಪ್ಪಿಕೊಂಡ್ರು. ಯಾರೋ ತೆಗೆದಿದ್ದಾರೆ, ಸರಿ... ಮನೆಯಲ್ಲಿ ಇದ್ದೋರು ಯಾರು?

ಅಕ್ಕ.

ಅವತ್ತು ಬೆಳಿಗ್ಗೆ ಗಂಡನಿಗೆ ಕೂಗಿ ಬೈದಿದ್ದು ಯಾರು? ಅಕ್ಕ. ಪಕ್ಕದ ಮನೆ ಹೆಂಗಸು ಅಕ್ಷರ ಅಕ್ಷರ ಒಪ್ಪಿಸಿದಳು. "ಹೋಗಿ ಆ ಕಾರಿನ ಕೆಳಗೇ ಸಾಯಿ!"

ಅಕ್ಕನನ್ನ ಒಳಗೆ ಹಾಕಿದ್ರು.

ನೋಡೋಕೆ ಹೋದೆ. ಕಂಬಿ ಹಿಡ್ಕೊಂಡು ನಿಂತಿದ್ದಳು.

"ಜಗಳ ಯಾಕೆ ಬಂತು ಅಕ್ಕ?"

"ಡಬ್ಬ ಬಿಚ್ಚಿ ಆ ಹಾಳು ಪೈಪು ಮುಟ್ಟಿದೆ ಕಣೇ. ಎಷ್ಟು ಚೆನ್ನಾಗಿದೆ ಅಂತ ನೋಡೋಕೆ. ಮುಟ್ಟಬೇಡ, ಕಲೆ ಉಳಿಯುತ್ತೆ ಅಂತ ಕಿರುಚಿದ್ರು. ನನಗಿಂತ ಪೈಪು ಹೆಚ್ಚಾಯ್ತಾ ಅಂತ ನನಗೂ ಉರೀತು. ಬಾಯಿಗೆ ಬಂದಿದ್ದು ಅಂದೆ." ಕಂಬಿಗೆ ಹಣೆ ಒತ್ತಿದಳು. "ಹೋಗಿ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿದೆ. ನಾನಂದಿದ್ದೇ ಆಯ್ತು."

ಕಂಬಿ ಮೇಲಿದ್ದ ಅವಳ ಕೈ ಮುಟ್ಟಿ ಹೊರಟೆ.

ಪೊಲೀಸರು ಬೀಗ ತೆಗೆದ ದಿನ ಗ್ಯಾರೇಜಿಗೆ ಹೋದೆ. ಬಿಚ್ಚಿದ ಎರಡು ಚಕ್ರಗಳು ಸ್ಟ್ಯಾಂಡುಗಳ ಪಕ್ಕ ಗೋಡೆಗೆ ಒರಗಿದ್ದವು. ಭಾವ ಹಾಗೆ ಇಡೋರಲ್ಲ. ಬಿಚ್ಚಿದ ಚಕ್ರವನ್ನ ಕಾರಿನ ಬದಿಗೆ, ಬಾಗಿಲ ಕೆಳಗೆ ತಳ್ಳಿ ಮಲಗಿಸೋರು. ಜಾಕ್ ಜಾರಲಿ, ಸ್ಟ್ಯಾಂಡ್ ಬೀಳಲಿ, ಗಾಡಿ ಚಕ್ರದ ಮೇಲೆ ಕೂರಬೇಕು, ಮನುಷ್ಯನ ಮೇಲಲ್ಲ. ಇದು ಅಕ್ಕನಿಗೆ ಗೊತ್ತಿಲ್ಲ. ಪೊಲೀಸರಿಗಂತೂ ಗೊತ್ತೇ ಇಲ್ಲ. ಚಕ್ರ ತೆಗೆದವನಿಗೆ ಗೊತ್ತಿತ್ತು.

ಬಾನೆಟ್ ಎತ್ತಿದೆ. ಹೊಸ ಹೆಡರ್ ಕೂತಿತ್ತು. ಎಂಜಿನ್ ಒಂದು ಸಲ ಓಡಿದೆ, ಪೈಪು ಚಿನ್ನದ ಬಣ್ಣಕ್ಕೆ ತಿರುಗಿದೆ. ಆ ಚಿನ್ನದ ಮೇಲೆ ಕಂದು ಬಣ್ಣದಲ್ಲಿ ಒಂದು ಇಡೀ ಅಂಗೈ. ದೊಡ್ಡ ಕೈ, ಗಂಡಸಿನ ಕೈ. ಯಾರೋ ಅದನ್ನ ಉಜ್ಜಿ ಉಜ್ಜಿ ನೋಡಿದ್ದಾರೆ. ಪಕ್ಕದ ಬೋಲ್ಟಿಗೆ ಹಳದಿ ಬಟ್ಟೆಯ ನೂಲು ಸಿಕ್ಕಿಕೊಂಡಿತ್ತು.

ಹೆಡರ್ ಹಿಂದೆ ಇಣುಕಿದೆ. ಎಂಜಿನ್ ನಂಬರ್ ಇರಬೇಕಾದ ಜಾಗವನ್ನ ಉಜ್ಜಿ ಸವೆಸಿದ್ದಾರೆ. ಹಳೇ ಬೀಡುಕಬ್ಬಿಣದ ಗಡವ ಇರೋ ತನಕ ಅದು ಮುಚ್ಚಿತ್ತು.

ಕದ್ದ ಕಾರು.

ಭಾವನಿಗೆ ಈ ಕಾರು ಮಾರಿದ್ದು ಪಾಲಿಶ್. ಅವರ ಹಳೇ ಸ್ನೇಹಿತ, ಸೆಕೆಂಡ್‌ಹ್ಯಾಂಡ್ ಕಾರಿನ ವ್ಯಾಪಾರಿ. ಜೇಬಲ್ಲಿ ಸದಾ ಒಂದು ಹಳದಿ ಬಟ್ಟೆ. ಕಾರು, ಮೇಜು, ಬೂಟು, ಕಂಡಿದ್ದೆಲ್ಲ ಒರೆಸ್ತಾ ಇರ್ತಾನೆ. ಹೆಸರು ಅದಕ್ಕೇ ಬಂದಿದ್ದು. ಪೊಲೀಸರಿಗೆ ಅವನು ಹೇಳಿದ್ದು ಇಷ್ಟೇ: "ಫೋನ್ ಮಾಡಿದ್ದ ಪಾಪ, ಹೆಡರ್ ಕೂರಿಸೋಕೆ ಗ್ಯಾಸ್ಕೆಟ್ ಎಲ್ಲಿ ಸಿಗುತ್ತೆ ಅಂತ. ನಾನು ಹೋಗ್ಲಿಲ್ಲ. ಆ ಹೆಡರ್ ಕಣ್ಣಲ್ಲೂ ನೋಡಿಲ್ಲ."

ಇನ್ಸ್‌ಪೆಕ್ಟರ್ ಹತ್ರ ಹೋದೆ. ಅವರು ಕತ್ತು ತುರಿಸಿಕೊಂಡ್ರು.

"ನೂಲು, ಕಲೆ... ಇಷ್ಟಕ್ಕೆ ಒಬ್ಬ ಮರ್ಯಾದಸ್ಥನ ಕೈ ಅಚ್ಚು ಕೇಳೋಕಾಗುತ್ತಾ ಮೇಡಂ?"

"ಅವನೇ ಬಂದು ತೋರಿಸಿದ್ರೆ?"

"ಬರ್ತಾನಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ಯಾವಾಗ್ಲೂ ಬರ್ತಾನೆ ಸಾರ್."

"ಫೋನ್ ಆನ್ ಇಟ್ಟಿರಿ. ನಾನು ಗಲ್ಲಿ ತಿರುವಲ್ಲಿ ಜೀಪಲ್ಲಿ ಇರ್ತೀನಿ."

ಪಾಲಿಶ್‌ಗೆ ಫೋನ್ ಹಚ್ಚಿದೆ. "ಅಣ್ಣಾ, ಭಾವನ ಹೆಡರ್ ಬಿಚ್ತಿದ್ದೀನಿ. ಅದರ ಮೇಲೆ ಯಾರದ್ದೋ ಕೈ ಸುಟ್ಟು ಕೂತಿದೆ. ಪೊಲೀಸರಿಗೆ ಕೊಡೋಣ ಅಂತ. ಒಬ್ಬಳ ಕೈಲಿ ಇಳಿಸೋಕಾಗ್ತಿಲ್ಲ..."

"ಯಾರಿಗೂ ಹೇಳಿಲ್ಲ ತಾನೇ?"

"ಇನ್ನೂ ಇಲ್ಲ."

"ಇರು, ಬಂದೆ."

ಅವನು ಬರೋ ಮೊದಲು ಭಾವ ಕಲಿಸಿದ ಹಾಗೇ ಎಲ್ಲ ಮಾಡಿದೆ. ಬ್ಯಾಟರಿ ವೈರ್ ತೆಗೆದೆ. ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಚಕ್ರ ಬಿಚ್ಚಿ ಬದಿಗೆ ತಳ್ಳಿದೆ. ಭಾವ ಕಲಿಸದೇ ಇದ್ದದ್ದು ಒಂದು ಮಾಡಿದೆ. ಎಂಜಿನ್ ಕೆಳಗಿನ ಉಕ್ಕಿನ ಚೌಕಟ್ಟಿನಡಿ, ನಾನು ಮಲಗೋ ಜಾಗದ ಎರಡೂ ಕಡೆ, ಮರದ ದಿಮ್ಮಿ ಜೋಡಿಸಿ ಕಪ್ಪು ಟಾರ್ಪಲ್ ಹೊದಿಸಿದೆ. ನಿಂತು ನೋಡೋನಿಗೆ ಅದು ಕಾಣಲ್ಲ. ಇನ್ಸ್‌ಪೆಕ್ಟರ್‌ಗೆ ಫೋನ್ ಹಚ್ಚಿ, ಕಟ್ ಮಾಡದೆ ಜೇಬಿಗೆ ಹಾಕಿಕೊಂಡೆ.

ಈಗ ಮತ್ತೆ ಕಾರಿನ ಕೆಳಕ್ಕೆ ಬನ್ನಿ.

ಜಾಕ್ ಏರಿತು. ಕಾರು ಸ್ವಲ್ಪ ಮೇಲೆದ್ದಿತು. ಒಂದು ಸ್ಟ್ಯಾಂಡ್ ಮಾಯ ಆಯ್ತು. ಆಮೇಲೆ ಇನ್ನೊಂದು.

"ಸ್ಟ್ಯಾಂಡ್ ಯಾಕೆ ಅಣ್ಣಾ?"

ಅವನು ಜಾಕ್‌ನ ಹಿಡಿ ತಿರುಗಿಸಿದ.

ಆಕಾಶ ಬೀಳೋದು ಅಂದ್ರೆ ಅದೇ ಇರಬೇಕು. ಕಣ್ಣು ಮುಚ್ಚಿದೆ. ದಿಮ್ಮಿ ನರಳಿತು, ಒಂದು ಚಕ್ಕೆ ಸಿಡಿದು ಕೆನ್ನೆಗೆ ಬಡೀತು... ಕಾರು ನಿಂತಿತು. ಎಂಜಿನ್ನಿನ ತಳ ನನ್ನ ಎದೆಗುಂಡಿಯನ್ನ ಮುಟ್ಟುತ್ತಿತ್ತು. ಬದುಕಿದ್ದೆ. ಆದ್ರೆ ಅಲ್ಲಾಡೋಕೆ ಜಾಗ ಇರಲಿಲ್ಲ.

ಚರ್ ಚರ್ ಅಂತ ಸದ್ದು ಬಂತು. ಜಾಕ್‌ನ ಹಿಡಿ ಒರೆಸ್ತಿದ್ದ. ಆಮೇಲೆ ಸ್ಟ್ಯಾಂಡುಗಳು. ಅವಸರ ಇಲ್ಲ, ಗಾಬರಿ ಇಲ್ಲ. ಒರೆಸಿ ಮುಗಿಸಿ ಬಗ್ಗಿ ನೋಡಿದ.

ನಾನೂ ಅವನನ್ನ ನೋಡಿದೆ.

"ಇನ್ನೂ ಇದ್ದೀಯಾ?"

"ಇದ್ದೀನಿ ಅಣ್ಣ."

ಬೂಟುಗಳು ಓಡಿದವು. ಶಟರ್ ದಡಾರಂತ ಇಳೀತು. ಒಳಗಿಂದ ಬೀಗ ಬಿತ್ತು. ಕಾರಿನ ಬಾಗಿಲು ತೆರೆದ ಸದ್ದು. ಏನು ಮಾಡ್ತಾನೆ ಅಂತ ಹೊಳೀತು ನನಗೆ. ಹೆಡರ್‌ನ ಹಿಂದಿನ ಜೋಡಣೆ ನಾನೇ ಬಿಚ್ಚಿದ್ದೆ. ಎಂಜಿನ್ ಶುರುವಾದ್ರೆ ಹೊಗೆಯೆಲ್ಲ ನೇರ ನನ್ನ ಮುಖಕ್ಕೆ. ಮುಚ್ಚಿದ ಗ್ಯಾರೇಜು. ಬಹಳ ಹೊತ್ತು ಬೇಕಾಗಲ್ಲ.

ಕೀ ತಿರುಗಿಸಿದ. ಸದ್ದೇ ಇಲ್ಲ. ಮತ್ತೆ ತಿರುಗಿಸಿದ.

ಭಾವ, ನೀವು ಕಲಿಸಿದ ಮೊದಲನೇ ಪಾಠ ಬ್ಯಾಟರಿ ವೈರು. ನಿಮ್ಮ ಋಣ ನಾನು ತೀರಿಸೋಕಾಗಲ್ಲ.

"ಭಾವನೂ ಕೆಳಗೆ ಇದ್ದಾಗ ಎತ್ತರ ಮಾಡ್ತೀನಿ ಅಂದ್ರಾ ಅಣ್ಣ?" ಅಂತ ಕೇಳಿದೆ. ದನಿ ನಡುಗ್ತಿತ್ತು. ನಡುಗಲಿ.

ಅವನು ಇಳಿದು ಬಂದ. ಏದುಸಿರು ಬಿಡ್ತಿದ್ದ.

"ಸವೆಸಿದ ನಂಬರ್ ನೋಡಿಬಿಟ್ಟಿದ್ದ. ಕೈ ಮುಗಿದೆ ಅವನಿಗೆ. ನಾಳೆ ಸ್ಟೇಷನ್‌ಗೆ ಹೋಗ್ತೀನಿ ಅಂದ. ಕೆಳಗಿಂದ ಬರಿಗೈಯಲ್ಲೇ ಹೆಡರ್ ಎತ್ತಿ ಹಿಡಿದುಕೊಟ್ಟೆ, ಅವನು ಮೇಲಿಂದ ನಟ್ ಹಾಕೋ ತನಕ ಹಿಡಿದೇ ಇದ್ದೆ. ಇಷ್ಟು ವರ್ಷದ ಸ್ನೇಹ ಕಣೋ ಅಂದೆ. ಕರಗಲಿಲ್ಲ. ಸ್ಟಾರ್ಟ್ ಮಾಡಿ ನೋಡಿದ. ಎಲ್ಲೋ ಹೊಗೆ ಸೋರ್ತಿದೆ, ಟಕ್ ಟಕ್ ಅಂತಿದೆ, ಆರಿದ ಮೇಲೆ ನಟ್ ಬಿಗಿ ಮಾಡಬೇಕು ಅಂದ. ಮತ್ತೆ ಕೆಳಗೆ ಹೋದ." ಜಾಕ್ ಎಳೆದುಕೊಂಡ. "ನಾನು ಏನು ಮಾಡಬೇಕಿತ್ತು ಹೇಳು?"

ಇಂಥೋರು ಯಾವಾಗ್ಲೂ ಇದನ್ನೇ ಕೇಳ್ತಾರೆ.

ದಿಮ್ಮಿ ಎಳೆಯಬೇಕಂದ್ರೆ ಮೊದಲು ಕಾರು ಎತ್ತಬೇಕು. ಎತ್ತಿದ. ಎದೆ ಮೇಲಿಂದ ಎಂಜಿನ್ ಎದ್ದಿತು. ಟಾರ್ಪಲ್ ಒಳಗೆ ಅವನ ಕೈ ಬಂತು. ದೊಡ್ಡ ಅಂಗೈ. ಆ ಕೈ ನನಗೆ ಗುರುತಿತ್ತು. ಸ್ಪ್ಯಾನರ್ ಬೀಸಿದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸ್ತು.

ಅವನು ಊಳಿಟ್ಟ. ನಾನು ಆ ಕಡೆಯಿಂದ ಉರುಳಿ ಹೊರಗೆ ಬಿದ್ದೆ. ಅವನು ಶಟರ್ ಕಡೆ ಓಡಿದ. ತಾನೇ ಹಾಕಿದ ಬೀಗ, ತೆಗೆಯೋಕೆ ಒಂದೇ ಕೈ. ಮೊಣಕಾಲ ಹಿಂದೆ ಇನ್ನೊಂದು ಕೊಟ್ಟೆ. ಕುಸಿದು ಕೂತ.

"ಇದು ನನ್ನ ಅಕ್ಕನ ಪರವಾಗಿ" ಅಂದೆ. ಇನ್ನೊಂದು ಕೊಡಬೇಕು ಅನ್ನಿಸ್ತು. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಶಟರ್ ಬಡೀತಿದ್ರು. "ಮೇಡಂ, ಎಲ್ಲ ಕೇಳಿಸ್ತು! ಬಾಗಿಲು ತೆಗೀರಿ!"

ಪೊಲೀಸರು ಸರಿಯಾದ ಸಮಯಕ್ಕೇ ಬಂದಿದ್ರು. ಬಾಗಿಲ ಹೊರಗೆ.

ಹೆಡರ್ ಲ್ಯಾಬ್‌ಗೆ ಹೋಯ್ತು. ಅಂಗೈ ಪಾಲಿಶ್‌ದೇ. ಅಕ್ಕನನ್ನ ಬಿಡೋ ದಿನ ಇನ್ಸ್‌ಪೆಕ್ಟರ್ ನನ್ನ ಕೈಗೆ ಒಂದು ಫೋಟೋ ಕೊಟ್ಟರು.

"ಅದರ ಮೇಲೆ ಇನ್ನೊಂದು ಗುರುತು ಇತ್ತು ಮೇಡಂ. ಹೆಬ್ಬೆರಳು. ನಿಮ್ಮ ಅಕ್ಕಂದು. ಕೇಸಿಗೆ ಬೇಕಾಗಲ್ಲ, ನೀವು ಇಟ್ಕೊಳ್ಳಿ."

ಮನೆಗೆ ಬಂದ ಮೇಲೆ ಅಕ್ಕ ಮೊದಲು ಗ್ಯಾರೇಜಿಗೇ ಹೋದಳು. ಕಾರಿನ ಪಕ್ಕ ನೆಲದ ಮೇಲೆ ಕೂತಳು. ನಾನು ಫೋಟೋ ಕೊಟ್ಟೆ.

"ನಂದೇ" ಅಂದಳು. "ಡಬ್ಬದಿಂದ ಎತ್ತಿದಾಗ ಮೂಡಿದ್ದು. ಅಷ್ಟು ಕಿರುಚಿದ್ರಲ್ಲ, ಕೊನೆಗೆ ಒರೆಸೋಕೆ ಮರೆತ್ರಾ?"

ಹೇಳಬಾರದು ಅಂದ್ಕೊಂಡಿದ್ದೆ. ಆದ್ರೆ ಸುಳ್ಳು ಹೇಳೋರನ್ನ ಹಿಡಿಯೋದು ನನ್ನ ಕೆಲಸ.

"ಸರಿಯಾಗಿ ನೋಡು ಅಕ್ಕ. ಸುತ್ತಲೂ ಸ್ಪಿರಿಟ್ ಹಾಕಿ ಒರೆಸಿದ್ದಾರೆ. ಬಟ್ಟೆ ಹೊರಳಿದ ಗೆರೆ ಕಾಣುತ್ತೆ. ನಿನ್ನ ಬೆರಳಿನ ಹತ್ರ ಬಂದು ಗೆರೆ ಬಳಸಿಕೊಂಡು ಹೋಗಿದೆ. ಮರೆತಿಲ್ಲ. ಬಿಟ್ಟಿದ್ದಾರೆ."

ಅಕ್ಕ ಫೋಟೋದ ಆ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಸರಿಯಾಗಿ ಕೂತಿತು. "ಕಾರಿನ ಕೆಳಗೇ ಸಾಯಿ ಅಂದಿದ್ದೆ ಕಣೇ" ಅಂದಳು. ಆಮೇಲೆ ಅತ್ತಳು. ಆ ಥರ ಅಳೋದನ್ನ ನಾನು ಯಾವತ್ತೂ ಕೇಳಿರಲಿಲ್ಲ.

ನಾನು ಅವಳ ಕಣ್ಣೊರೆಸೋಕೆ ಹೋಗಲಿಲ್ಲ. ಬಿಸಿ ತಾಗಿ ಆಗಿತ್ತು. ಇನ್ನು ಒರೆಸಿದ್ರೆ ಬಟ್ಟೆ ಮಾತ್ರ ಕೊಳೆ.