ಸಾವಿರಕ್ಕೆ ಮೂವತ್ತೈದು ಕಮ್ಮಿ

"ಗಾಳಿಗೂ ತೂಕ ಹಾಕೋಕೆ ಬಂದ್ರಾ ಮೇಡಂ?"

ಸೈಕಲ್ ಅಂಗಡಿಯವನು ಅವಳನ್ನು ಕಂಡು ಆಡಿದ ಮೊದಲ ಮಾತು ಅದು. ಅವಳು ನಗಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಎಂಟು ವರ್ಷ ದುಡಿದವಳಿಗೆ ಇಂಥ ಕೊಂಕು ಮಾತು ಹೊಸದೇನಲ್ಲ.

ಅವನ ಪಂಪಿನ ಗಾಳಿ ಮೀಟರಿನ ಪಕ್ಕದಲ್ಲಿ ತನ್ನ ಮೀಟರ್ ಹಿಡಿದು ನೋಡಿದಳು. ಮುಳ್ಳು ಎರಡು ಗೆರೆ ಹಿಂದಿತ್ತು. ಮುಖ ಮುಲಾಜಿಲ್ಲದೆ ಸೀಲು ಜಡಿದಳು.

"ಎರಡು ಗೆರೆಗೆ ಯಾರ ಪ್ರಾಣ ಹೋಗತ್ತೆ?" ಅಂದ ಅವನು, ಗ್ರೀಸ್ ಮೆತ್ತಿದ ಕೈಯನ್ನು ಸೊಂಟಕ್ಕೆ ಕೊಟ್ಟು.

"ಪ್ರಾಣ ಹೋಗಲ್ಲ. ನಂಬಿಕೆ ಹೋಗತ್ತೆ."

ಅವನು ವಾರದೊಳಗೆ ಮೀಟರ್ ರಿಪೇರಿ ಮಾಡಿಸಿಕೊಂಡು ಅವಳ ಆಫೀಸಿಗೇ ಹಾಜರಾದ. ಆಮೇಲೆ ಅವಳ ಹಳೇ ಸೈಕಲ್ಲಿಗೆ ಇಲ್ಲದ ಕಾಯಿಲೆಯೆಲ್ಲ ಶುರುವಾಯಿತು. ಇವತ್ತು ಬ್ರೇಕು, ನಾಳೆ ಪೆಡಲು... ಸೈಕಲ್ ಚೆನ್ನಾಗಿಯೇ ಇತ್ತು ಅನ್ನುವುದು ಇಬ್ಬರಿಗೂ ಗೊತ್ತಿತ್ತು ಬಿಡಿ.

ಹಾಗೆ ಹೋಗಿಬರುವಾಗಲೇ ಅವಳು ತನ್ನ ಹಟದ ವಿಷಯ ಹೇಳಿದ್ದು. ಮೂರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಅವಳ ಬಲ ಮಂಡಿಯೊಳಗೆ ಎರಡು ಸ್ಕ್ರೂ ಕೂತಿದ್ದವು. ಅಂದಿನಿಂದ ಮನೆಯಲ್ಲಿ ಅಣ್ಣನದು ಒಂದೇ ರಾಗ: "ನಿನ್ನ ಕೈಲಾಗಲ್ಲ, ಸುಮ್ನಿರು." ಅದಕ್ಕೇ ಅವಳು ಸಾವಿರ ಕಿಲೋಮೀಟರ್ ಸೈಕಲ್ ತುಳಿಯಬೇಕೆಂದಿದ್ದಳು. ದಿನಕ್ಕೆ ಐವತ್ತರಂತೆ ಇಪ್ಪತ್ತು ದಿನ. ಯಾವ ದಿನ ಐವತ್ತಕ್ಕೆ ಒಂದು ಕಮ್ಮಿಯಾದರೂ ಅವತ್ತೇ ಬಸ್ಸು ಹತ್ತಿ ಮನೆಗೆ. ಈ ನಿಯಮ ಮಾಡಿದವಳೂ ಅವಳೇ.

ಅವನು ಮರುಮಾತಿಲ್ಲದೆ ಅಂಗಡಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ತಾನೂ ಹೊರಟ. ಅವಳ ಸೈಕಲ್ಲಿಗೂ ತನ್ನ ಸೈಕಲ್ಲಿಗೂ ದೂರ ಅಳೆಯುವ ಮೀಟರನ್ನು ತಾನೇ ಜೋಡಿಸಿದ. ಚಕ್ರದ ಸುತ್ತಳತೆ ಎಷ್ಟೆಂದು ಅದಕ್ಕೆ ಒಮ್ಮೆ ತಿಳಿಸಿದರೆ ಸಾಕು, ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ದೂರ ಹೇಳುತ್ತದೆ.

ನಮ್ಮ ಹುಡುಗಿ ತರಕಾರಿಯವಳ ತಕ್ಕಡಿಯನ್ನೂ ನಂಬಿದವಳಲ್ಲ. ಅಮ್ಮನ ಅಡುಗೆಮನೆಯ ಅಳತೆ ಲೋಟವನ್ನೂ ಒಮ್ಮೆ ಪರೀಕ್ಷಿಸಿ ಬೈಸಿಕೊಂಡಿದ್ದಳು. ಅಂಥವಳು ಈ ಒಂದು ಮೀಟರನ್ನು ಮಾತ್ರ ಪರೀಕ್ಷಿಸಲಿಲ್ಲ. ಅದನ್ನು ಜೋಡಿಸಿದ್ದು ಅವನಲ್ಲವೇ...

ಎಂಟನೇ ದಿನ ಸಂಜೆ ಮಂಡಿ ಊದಿಕೊಂಡಿತು. ನಾಳೆ ಐವತ್ತು ಆಗುವುದಿಲ್ಲ, ಬಸ್ಸಿನ ವೇಳೆ ವಿಚಾರಿಸಿ ಎಂದು ಅವಳು ಸೋತ ದನಿಯಲ್ಲಿ ಹೇಳಿದಳು. ಬೆಳಗ್ಗೆ ಅವಳು ಏಳುವ ಹೊತ್ತಿಗೆ ಅವನು ಎರಡೂ ಸೈಕಲ್ಲಿಗೆ ಎಣ್ಣೆ ಬಿಟ್ಟು ಒರೆಸುತ್ತಿದ್ದ. ತನ್ನ ಮೀಟರಿನ ಬ್ಯಾಟರಿ ಹೋಗಿದೆ, ಇನ್ನು ಅವಳ ಮೀಟರೇ ಗತಿ ಎಂದ.

ಅವತ್ತು ಹಲ್ಲುಕಚ್ಚಿ ತುಳಿದಳು. ಇನ್ನಾಗದು ಎನ್ನುವಷ್ಟರಲ್ಲಿ ಮೀಟರ್ ಐವತ್ತು ತೋರಿಸಿತು. ರಸ್ತೆ ಬದಿಯಲ್ಲೇ ಕುಸಿದು ಕೂತು ಅತ್ತುಬಿಟ್ಟಳು, ಖುಷಿಗೆ. "ಐವತ್ತಾಯ್ತು ನೋಡಿ" ಎಂದು ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಆ ಗಳಿಗೆಯಲ್ಲೇ ಅವಳ ಮನಸ್ಸು ಅವನ ಪಾಲಾಯಿತು. ಮರುದಿನದಿಂದ "ನೀವು" ಹೋಗಿ "ನೀನು" ಬಂತು.

ಸಾವಿರ ಮುಟ್ಟಿದ ಜಾಗದಲ್ಲೇ ಇಳಿದು ಅವನಿಗೆ ಹೇಳಿಬಿಡಬೇಕೆಂದು ಅವಳು ಒಂದು ಮಾತನ್ನು ಕಾದಿಟ್ಟುಕೊಂಡಳು.

ಇಪ್ಪತ್ತನೇ ದಿನ ಸಣ್ಣ ರಸ್ತೆಗಳು ಮುಗಿದು ಹೆದ್ದಾರಿ ಸಿಕ್ಕಿತು. ಕಿಲೋಮೀಟರ್ ಕಲ್ಲುಗಳನ್ನು ಕಂಡದ್ದೇ ತಡ, ಅವಳ ಕಣ್ಣು ಎಣಿಸತೊಡಗಿತು. ಎಂಟು ವರ್ಷದ ಚಾಳಿ ಎಲ್ಲಿ ಹೋಗುತ್ತದೆ? ಕಲ್ಲುಗಳ ಲೆಕ್ಕದಲ್ಲಿ ಹತ್ತು ಕಿಲೋಮೀಟರ್ ಆದಾಗ ಮೀಟರ್ ಹತ್ತೂವರೆ ದಾಟಿತ್ತು. ಕಲ್ಲು ನೆಟ್ಟವರ ತಪ್ಪಿರಬಹುದು ಅಂದುಕೊಂಡಳು. ಮುಂದಿನ ಹತ್ತರಲ್ಲೂ ಅದೇ ಕತೆ.

ಟೀ ಅಂಗಡಿಯೊಂದರ ಮುಂದೆ ಇಳಿದಳು. ಅವನು ಟೀ ಹೇಳಲು ಹೋದ. ಅವಳು ಚೀಲದಿಂದ ಆಫೀಸಿನ ಟೇಪು ತೆಗೆದು, ಟೈರಿಗೆ ಚಾಕ್‌ಪೀಸಿನ ಗುರುತು ಹಾಕಿ, ಸೈಕಲ್ಲನ್ನು ಒಂದು ಸುತ್ತು ಉರುಳಿಸಿ ಅಳೆದಳು. ಇನ್ನೂರ ಹತ್ತು ಸೆಂಟಿಮೀಟರ್. ಮೀಟರಿನ ಗುಂಡಿ ಒತ್ತಿ ನೋಡಿದರೆ ಇನ್ನೂರ ಇಪ್ಪತ್ಮೂರು ಎಂದಿತ್ತು, ಪ್ರತಿ ಸುತ್ತಿಗೂ ಹದಿಮೂರು ಹೆಚ್ಚು.

ಎರಡು ಟೀ ಹಿಡಿದು ಬಂದವನು ಟೇಪು ನೋಡಿದ. ಅವಳು ಕೇಳುವ ಮೊದಲೇ ಅವನ ಮುಖ ಬಿಳಿಚಿಕೊಂಡಿತು.

"ಯಾವತ್ತಿಂದ?"

"ಒಂಬತ್ತನೇ ದಿನದಿಂದ..."

"ಬ್ಯಾಟರಿ?"

"ನಾನೇ ತೆಗೆದಿಟ್ಟೆ."

ಹನ್ನೊಂದು ದಿನ! ಪ್ರತಿ ಸಂಜೆ ಕಣ್ಣಲ್ಲಿ ಕಣ್ಣಿಟ್ಟು "ಐವತ್ತಾಯ್ತು" ಅಂದಿದ್ದ. ಪ್ರತಿ ಸಂಜೆ ಅವಳು ಅಣ್ಣನಿಗೆ ಫೋನ್ ಮಾಡಿ ಅದೇ ಮಾತನ್ನು ಹೆಮ್ಮೆಯಿಂದ ಒಪ್ಪಿಸಿದ್ದಳು. ಮುಖಕ್ಕೆ ಹೊಡೆದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

"ಕುಂಟಿ ಪಾಪ, ಖುಷಿ ಪಡಲಿ ಅಂತ ಅಲ್ವಾ?" ಅವಳ ದನಿ ಒಡೆಯಿತು. "ಆಗಲ್ಲ ಅಂತ ನಮ್ಮಣ್ಣ ಮುಖದ ಮೇಲೆ ಹೇಳ್ದ. ನೀವು ಚಪ್ಪಾಳೆ ತಟ್ಟುತ್ತಾ ಹೇಳಿದ್ರಿ. ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಿ."

ಅವನು ಏನೋ ಹೇಳಹೊರಟ. ಅವಳು ಕೈ ಅಡ್ಡ ಹಿಡಿದಳು. "ನೀವು" ಎಂಬುದು ವಾಪಸು ಬಂದದ್ದು ಅವನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿ, ಹನ್ನೊಂದು ದಿನ ತನ್ನದು ಐವತ್ತು ಆಗಿಯೇ ಇಲ್ಲ ಎಂದಳು. ಅಣ್ಣ ಬಸ್ಸು ಹತ್ತಿ ಬಾ ಎಂದ. ಅವಳು ಒಪ್ಪಲಿಲ್ಲ. ಮೀಟರಿನಲ್ಲಿ ಒಂಬೈನೂರ ತೊಂಬತ್ತೊಂದು ಇತ್ತು. ಅದರಲ್ಲಿ ಮೂವತ್ತೈದು ಸುಳ್ಳು. ನಿಯಮ ಹಾಳಾಗಿತ್ತು ನಿಜ, ಸಾವಿರವನ್ನಾದರೂ ನಿಜ ಮಾಡಬೇಕು. ಸುತ್ತಳತೆಯನ್ನು ಸರಿಮಾಡಿ, ಇನ್ನು ನಲವತ್ನಾಲ್ಕು ಎಂದು ಹೇಳಿಕೊಂಡು ಸೈಕಲ್ ಹತ್ತಿದಳು.

"ಜೊತೆಗೆ ಬರಬೇಡಿ."

ಅವನು ಜೊತೆಗೆ ಬರಲಿಲ್ಲ, ಹಿಂದೆ ಬಂದ. ನೂರು ಮಾರು ದೂರದಲ್ಲಿ.

ಬಿಸಿಲು ನೆತ್ತಿಗೇರಿತು. ಕಣ್ಣೀರು ಬೆವರು ಎರಡೂ ಒಟ್ಟಿಗೆ ಇಳಿಯುತ್ತಿದ್ದವು. 'ಅವನೊಬ್ಬನನ್ನು ನಂಬಿದ್ದೆ. ಜೀವನದಲ್ಲಿ ಅಳೆಯದೆ ನಂಬಿದ್ದು ಅವನೊಬ್ಬನನ್ನೇ...' ಪ್ರತಿ ಪೆಡಲಿಗೂ ಈ ಮಾತು ಮಂಡಿಗಿಂತ ಹೆಚ್ಚು ನೋಯಿಸಿತು.

ಏರಿನಲ್ಲಿ ಕಾಲು ಕೈಕೊಟ್ಟು ಅವಳು ಬಿದ್ದಳು. ಹಿಂದಿನಿಂದ ಬ್ರೇಕಿನ ಸದ್ದು ಕೇಳಿತು. ಓಡಿ ಬರುತ್ತಾನೆ, ಬಂದರೆ ಬೈದು ಅಟ್ಟಬೇಕು ಎಂದು ಕಾದಳು. ಅವನು ಬರಲಿಲ್ಲ. ಸೈಕಲ್ ಹಿಡಿದು, ತುಟಿ ಕಚ್ಚಿಕೊಂಡು, ಇದ್ದಲ್ಲೇ ನಿಂತಿದ್ದ. ಅವಳು ತಾನೇ ಎದ್ದಳು, ಧೂಳು ಕೊಡವಿ ತಾನೇ ಹತ್ತಿದಳು. ಸಿಟ್ಟಿನ ನಡುವೆಯೂ ಅವನು ನಿಂತೇ ಇದ್ದದ್ದು ಅವಳ ಮನಸ್ಸಿಗೆ ತಾಕಿತು.

ಸಾವಿರ ಮುಟ್ಟಿದಾಗ ಹೊತ್ತು ಇಳಿದಿತ್ತು. ಒಂದು ಕಡೆ ಮುಚ್ಚಿದ ಗೋದಾಮು, ಇನ್ನೊಂದು ಕಡೆ ಒಣಗಿದ ಕಾಲುವೆ. ಕಾಲುವೆಯ ಕಟ್ಟೆಯ ಮೇಲೆ ಕೂತು ಮಂಡಿ ಹಿಡಿದುಕೊಂಡಳು. ಅವನು ದೂರದಲ್ಲೇ ಇಳಿದು ನಿಂತ. ಕೊನೆಗೆ ಅವಳೇ ಕರೆದಳು.

"ಯಾಕೆ ಹಾಗೆ ಮಾಡಿದ್ರಿ? ನಿಜ ಹೇಳಿ."

"ನಿಮ್ಮ ಕಾಲು ನೋಡಿ ಪಾಪ ಅನ್ನಿಸಿ ಅಲ್ಲ." ಅವನು ತಲೆ ತಗ್ಗಿಸಿದ. "ಒಂದು ಕಮ್ಮಿಯಾದ್ರೂ ಮನೆಗೆ ಹೋಗ್ತೀನಿ ಅಂದಿದ್ರಿ. ಹೋಗಿಬಿಟ್ರೆ ನಾನೇನು ಮಾಡ್ಲಿ ಅನ್ನಿಸ್ತು. ನಂಗೋಸ್ಕರ ಮಾಡ್ದೆ. ನಿಮಗೆ ಅದು ಎಷ್ಟು ದೊಡ್ಡದು ಅಂತ ಗೊತ್ತಿದ್ದೂ ಮಾಡ್ದೆ. ಅದೇ ತಪ್ಪು."

ಕನಿಕರವಲ್ಲ, ಬರೀ ಸ್ವಾರ್ಥ! ಬೆಳಗಿನಿಂದ ಎದೆಯ ಮೇಲಿದ್ದ ಭಾರದಲ್ಲಿ ಅರ್ಧ ಇಳಿದಂತಾಯಿತು. ಪೂರ್ತಿ ಇಳಿಯಲು ಇನ್ನೂ ಎಷ್ಟೋ ದಿನ ಬೇಕಿತ್ತು.

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಇನ್ನೇನಾದ್ರೂ ಸುಳ್ಳಿದ್ರೆ ಈಗ್ಲೇ ಹೇಳಿಬಿಡಿ. ಆಮೇಲೆ ಗೊತ್ತಾದ್ರೆ ನಾನು ನಿಮ್ಮ ಮುಖ ನೋಡಲ್ಲ."

ಅವನು ಬೆರಳು ಮಡಿಸಿ ಎಣಿಸಿದ.

"ಒಂದಿದೆ. ನಂಗೆ ಇಷ್ಟು ದೂರ ಸೈಕಲ್ ಹೊಡೆಯೋದು ಅಂದ್ರೆ ಆಗಲ್ಲ. ರಿಪೇರಿ ಮಾಡೋದಷ್ಟೇ ಇಷ್ಟ. ಕಷ್ಟಪಟ್ಟು ಬಂದೆ."

ಅವಳಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟಳು. ಅವನು ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತ.

"ಬೆನ್ನು ನೋವಾ?"

"ಹೂಂ."

"ಯಾವತ್ತಿಂದ?"

"ಮೊದಲನೇ ದಿನದಿಂದ."

ಅವಳು ಕೈಯನ್ನು ಅವನ ಬೆನ್ನ ಮೇಲಿಟ್ಟಳು.

"ಹೇಳೋದಲ್ವೇನೋ..."