ತಾತನ ಎಡಗಾಲಿನ ಊರು

“ತಾತಾ, ಕಾಲು ಅಲ್ಲಾಡಿಸ್ಬೇಡ. ನೀನೀಗ ಒಂದು ಊರು.”

“ಊರಿಗೆ ಕಚಗುಳಿ ಆಗ್ತಿದೆ ಕಣೇ.”

ಹಿತ್ತಲಲ್ಲಿ ಹೊಳೆ ಹರಿಯುತ್ತಿತ್ತು. ಹೊಳೆ ಅಂದರೆ ಮರಳಲ್ಲಿ ತೋಡಿದ ಕಾಲುವೆ, ಅದರೊಳಗೆ ಪ್ಲಾಸ್ಟಿಕ್ ಹಾಳೆ, ಮೇಲಿನ ತುದಿಯಲ್ಲಿ ನಲ್ಲಿಯ ಪೈಪು. ಕೆಳಗಿನ ತುದಿಯಲ್ಲಿ ತಾತ ಕುರ್ಚಿ ಹಾಕಿಕೊಂಡು, ಪ್ಯಾಂಟು ಮಡಚಿ, ಎರಡೂ ಕಾಲು ನೀರಲ್ಲಿಟ್ಟು ಕೂತಿದ್ದರು. ಅವರ ಮೊಮ್ಮಗಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ಮನೆಯಲ್ಲೆಲ್ಲ ಅವಳು ಪಟಾಕಿ.

ಪಟಾಕಿಯ ಅಮ್ಮನ ಕೆಲಸವೂ ಇದೇ. ಗಣಿಯ ಕೊಳೆನೀರು ಹೊಳೆಗೆ ಸೇರಿದರೆ ಎಲ್ಲಿ, ಎಷ್ಟು ಹರಡುತ್ತದೆ ಅಂತ ಕಂಪ್ಯೂಟರಿನಲ್ಲೇ ಹೊಳೆ ಮಾಡಿ ನೋಡುವುದು. ಅದಕ್ಕೆ ವಾರಗಟ್ಟಲೆ ಬೇಕು. ಪಟಾಕಿಗೆ ಅಷ್ಟು ಪುರುಸೊತ್ತೆಲ್ಲಿ? ನಾಳೆಯೇ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಫಸ್ಟ್ ಪ್ರೈಜ್ ಬೇಕೇ ಬೇಕು. ಅದಕ್ಕೇ ಚಾರ್ಟನ್ನು ಮೊದಲೇ ಬರೆದು ಮುಗಿಸಿದ್ದಳು: ‘ಕೊಳೆನೀರು ಹೊಳೆಯಲ್ಲಿ ಬೆರೆತು ಮಾಯ. ಕೆಳಗಿನ ಊರಿಗೆ ಏನೂ ಆಗುವುದಿಲ್ಲ.’ ಪ್ರಯೋಗ ಮಾಡುವುದೊಂದು ಬಾಕಿ ಇತ್ತು, ಅಷ್ಟೇ.

ದಡದ ಮೇಲಿದ್ದ ತೂತು ಡಬ್ಬಿಯೇ ಗಣಿ. ಅದಕ್ಕೆ ಬಟ್ಟೆಗೆ ಹಾಕುವ ನೇರಳೆ ಬಣ್ಣ ಸುರಿದಳು. ಬಣ್ಣ ಹೊಳೆಗಿಳಿಯಿತು, ಆದರೆ ಬೆರೆಯಲಿಲ್ಲ. ಗೋಡೆ ಸವರಿಕೊಂಡು ಹೋಗುವ ಬೆಕ್ಕಿನ ಹಾಗೆ ಒಂದೇ ದಡ ಹಿಡಿದು, ನೆಟ್ಟಗೆ ತಾತನ ಎಡಗಾಲಿಗೆ ಬಂತು.

ತಾತ ಬಗ್ಗಿ ನೋಡಿದರು. “ಬಲಗಾಲು ನಂದೇ. ಎಡಗಾಲು ಬದನೆಕಾಯಿ.”

ಪಟಾಕಿ ಸೋಪು ಹಾಕಿ ಉಜ್ಜಿದಳು. ಸೋಪು ನೇರಳೆಯಾಯಿತು. ಕಾಲು ಹಾಗೇ ಇತ್ತು.

ಅಮ್ಮ ಹೊರಗೆ ಬಂದು ಕಾಲು ನೋಡಿದಳು. ನಗು ತಡೆಯುವುದು ಅವಳಿಗೂ ಕಷ್ಟವಾಯಿತು. “ಅದು ಬೇಗ ಬೆರೆಯಲ್ಲ ಪುಟ್ಟಾ. ತುಂಬಾ ದೂರ ದಡ ಹಿಡ್ಕೊಂಡೇ ಹೋಗುತ್ತೆ.”

“ಮೊದಲೇ ಹೇಳ್ಬಾರ್ದಿತ್ತಾ?”

“ನೀನು ಕೇಳಿದ್ರೆ ತಾನೇ? ಚಾರ್ಟ್ ಮುಗೀತು ಅಂದೆ.”

ಪಟಾಕಿ ಚಾರ್ಟ್ ನೋಡಿದಳು. ಎಷ್ಟು ದುಂಡಗಿನ ಅಕ್ಷರ. ಹೊಡೆದುಹಾಕಲು ಮನಸ್ಸೇ ಬರಲಿಲ್ಲ.

“ತಾತಾ, ಎಡಗಾಲು ಮೇಲೆತ್ತು. ಊರು ಅಂದ್ರೆ ಬರೀ ಬಲಗಾಲು ಅಂತ ಇಟ್ಕೊಳ್ಳೋಣ. ಅದರ ಫೋಟೋ ತೆಗೀತೀನಿ.”

“ಆಯ್ತಪ್ಪ.” ತಾತ ಕಾಲೆತ್ತಿದರು. “ಎಡಗಾಲಲ್ಲಿ ಇರೋ ಜನ ಎಲ್ಲಿಗೆ ಹೋಗ್ಬೇಕು?”

ಪಟಾಕಿ ಠುಸ್ಸಾಯಿತು. ಗಾಳಿಯಲ್ಲಿ ನೇರಳೆ ಬೆರಳುಗಳು ನೀರು ತೊಟ್ಟಿಕ್ಕಿಸುತ್ತಾ ಅಲ್ಲಾಡಿದವು. ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಚಾರ್ಟನ್ನು ಬೋರಲು ಹಾಕಿದಳು. ಆಮೇಲೆ ಕೂತು, ತನ್ನ ಎಡಗಾಲಿನ ಸಾಕ್ಸ್ ಬಿಚ್ಚಿದಳು.

“ಏಳು ತಾತಾ. ಊರಲ್ಲಿ ನಾನಿರ್ತೀನಿ. ಅಮ್ಮಾ, ನೀನು ಬಣ್ಣ ಸುರಿ.”